ಗುರುತು ಪತ್ತೆ ಪರೇಡಿಗೆ ಸಲ್ಲದ ಗೌರವ

‘ಸಾಕ್ಷಿ ಆರೋಪಿಯನ್ನು ಗುರುತಿಸಿದರು’ ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಸಾಕು, ಓದಿದವರ ಮಟ್ಟಿಗೆ ಮೊಕದ್ದಮೆ ಅಲ್ಲಿಗೇ ಮುಗಿಯಿತು. ಗುರುತು ಪತ್ತೆ ಪರೇಡಿಗೆ ಇಷ್ಟು ಗೌರವ ಸಲ್ಲದು ಎಂಬುದು ನನ್ನ ವಾದ. ಸಾಕ್ಷಿಗಳು ಸುಳ್ಳರೆಂದಲ್ಲ, ಅವರ ನೆನಪನ್ನು ನಾವು ಕಾಯುತ್ತಿಲ್ಲ.

ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಹೊಡೆದವನು ಯಾರ ಮಗ ಎಂಬುದು ಏಟು ತಿಂದವನಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಅಲ್ಲಿ ಪರೇಡ್ ಬೇಕಿಲ್ಲ. ವಿಜಯಪುರದ ಜಲನಗರದಂಥ ಬಡಾವಣೆಯಲ್ಲಿ ಸರ ಕಿತ್ತುಕೊಂಡು ಬೈಕಿನಲ್ಲಿ ಹೋಗುವವನು ಅಪರಿಚಿತ. ಅವನ ಮುಖ ಕಂಡದ್ದು ಕ್ಷಣಮಾತ್ರ. ವಾರಗಳು ಕಳೆದ ಮೇಲೆ ತಹಶೀಲ್ದಾರರು ದರ್ಗಾ ಜೈಲಿನಲ್ಲಿ ಬಂಧಿತನನ್ನು ಇತರರೊಡನೆ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸುತ್ತಾರೆ. ಅಷ್ಟರೊಳಗೆ ಠಾಣೆಯಲ್ಲಿ ಯಾರಾದರೂ ಮೊಬೈಲಿನ ಫೋಟೊ ತೋರಿಸಿದ್ದರೆ? ಸಾಲಿನಲ್ಲಿ ಅದೇ ವಯಸ್ಸು, ಅದೇ ಮೈಕಟ್ಟಿನವರು ಎಷ್ಟು ಜನರಿದ್ದರು? ಸಾಕ್ಷಿ ನೋಡಿದ ಕೂಡಲೇ ಬೆರಳು ಮಾಡಿದಳೋ, ಎರಡು ಸುತ್ತು ಹಾಕಿ ‘ಇವನೇ ಇರಬೇಕು’ ಎಂದಳೋ? ಪಂಚನಾಮೆಯಲ್ಲಿ ಇವುಗಳ ಸುಳಿವು ಸಿಗುವುದು ಅಪರೂಪ.

ಕಾನೂನು ಏನು ಹೇಳುತ್ತದೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಮು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2005ರ ತಿದ್ದುಪಡಿಯಲ್ಲಿ ಬಂದ 54ಎ, ಗುರುತು ಪತ್ತೆಯನ್ನು ನ್ಯಾಯಾಲಯಕ್ಕೆ ಸೂಕ್ತವೆನಿಸಿದ ರೀತಿಯಲ್ಲಿ ನಡೆಸಬಹುದು ಎನ್ನುತ್ತದೆ. ರೀತಿ ಯಾವುದು ಎಂಬ ವಿವರವಿಲ್ಲ. ಜತೆಗಿರುವ ಷರತ್ತನ್ನು ನಿಧಾನವಾಗಿ ಓದಬೇಕು: ಗುರುತಿಸುವವರಿಗೆ ದೈಹಿಕ ಇಲ್ಲವೇ ಮಾನಸಿಕ ಅಂಗವೈಕಲ್ಯವಿದ್ದರೆ ಮಾತ್ರ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆ ಮತ್ತು ವಿಡಿಯೊ ಕಡ್ಡಾಯ. ಅವರಿಗೆ ಈ ನೆರವು ಬೇಕೇ ಬೇಕು. ಆದರೆ ಉಳಿದವರ ನೆನಪಿಗೆ ಕಾವಲು ಬೇಡವೆಂದು ಕಾನೂನು ಎಣಿಸಿದಂತಿದೆ. ಅಲ್ಲೇ ಅದು ಎಡವಿದೆ. ಇದೇ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿಗಳನ್ನು ಚಿತ್ರೀಕರಿಸಲೇಬೇಕು. ಮುದ್ದೇಮಾಲಾದ ಕೊಡಲಿಗೆ ಕ್ಯಾಮೆರಾ ಉಂಟು. ಒಬ್ಬನನ್ನು ಜೀವಾವಧಿಗೆ ಕಳಿಸಬಲ್ಲ ಬೆರಳಿಗೆ ಇಲ್ಲ.

ಸುಪ್ರೀಂ ಕೋರ್ಟಿನ 2003ರ ಮಲ್ಖಾನ್‌ಸಿಂಗ್ ತೀರ್ಪು ಇದನ್ನು ಇನ್ನಷ್ಟು ತೊಡಕಾಗಿಸಿದೆ. ಅದರಂತೆ ಕಟಕಟೆಯಲ್ಲಿರುವ ಆರೋಪಿಯನ್ನು ಕೋರ್ಟಿನಲ್ಲಿ ತೋರಿಸುವುದೇ ಮುಖ್ಯ ಸಾಕ್ಷ್ಯ, ಪರೇಡ್ ಬರೀ ಪೂರಕ. ಕ್ರಮ ತಲೆಕೆಳಗಾಗಿದೆ. ಆರೋಪಿ ಎಲ್ಲಿ ನಿಂತಿರುತ್ತಾನೆಂಬುದು ಕೋರ್ಟಿಗೆ ಬಂದ ಎಲ್ಲರಿಗೂ ಗೊತ್ತು. ನೆನಪಿನ ನಿಜವಾದ ಪರೀಕ್ಷೆ ಮೊದಲ ಸಲ ಗುರುತಿಸುವಾಗಲೇ ಆಗಬೇಕು. 2022ರ ಗಿರೀಶನ್ ನಾಯರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಳಂಕಿತ ಪರೇಡನ್ನು ತಳ್ಳಿಹಾಕಿ ಆರೋಪಿಗಳನ್ನು ಬಿಡುಗಡೆ ಮಾಡಿತು, ಒಪ್ಪೋಣ. ಆದರೆ ಆ ತಪ್ಪು ನಡೆದದ್ದು ದಶಕಗಳ ಹಿಂದೆ, ಅದನ್ನು ಸರಿಪಡಿಸಲು ಅಷ್ಟು ಕಾಲ ಬೇಕಾಯಿತು.

ಪರೇಡೇ ತಡವಾಗುವುದೂ ಉಂಟು. ನಮ್ಮ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಧಾರವಾಡದ ಮನೆಯಲ್ಲಿ ಕೊಂದದ್ದು 30 ಆಗಸ್ಟ್ 2015ರಂದು. ಪರೇಡ್ ನಡೆದದ್ದು 2019ರಲ್ಲಿ. ಆ ಹೊತ್ತಿಗೆ, ಇಲ್ಲೂ ಆರೋಪಿಗಳಾದ ಕೆಲವರು ಸೇರಿದಂತೆ, ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದ ಬಂಧಿತರ ಸುದ್ದಿ ವರ್ಷದಿಂದ ಪತ್ರಿಕೆಗಳಲ್ಲಿತ್ತು. ಆರೋಪಿಗಳ ತಪ್ಪು–ಒಪ್ಪನ್ನು ನ್ಯಾಯಾಲಯವೇ ತೀರ್ಮಾನಿಸಬೇಕು, ಆ ಬಗ್ಗೆ ನನ್ನ ಮಾತಿಲ್ಲ. ಅಂಥ ನೋವುಂಡ ಸಾಕ್ಷಿಗಳ ನೆನಪನ್ನು ನಾಲ್ಕು ವರ್ಷ ಕಾಯಿಸಿ, ಆಮೇಲೆ ಪಾಟೀಸವಾಲಿಗೆ ಒಡ್ಡುವುದು ಅವರಿಗೆ ಮಾಡುವ ಅನ್ಯಾಯ.

ನಮ್ಮ ರೋಗ ಇದಲ್ಲ, ಸಾಕ್ಷಿಗಳು ತಿರುಗಿಬೀಳುವುದೇ ನಿಜವಾದ ರೋಗ ಎನ್ನುವ ವಿಮರ್ಶಕರಿದ್ದಾರೆ. ಅವರು ಕಂಬಾಲಪಲ್ಲಿಯನ್ನು ಮುಂದಿಡುತ್ತಾರೆ: 11 ಮಾರ್ಚ್ 2000ರಂದು ಏಳು ದಲಿತರನ್ನು ಸುಟ್ಟುಹಾಕಿದರು, ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ಸಂಕಟ ನಿಜ. ಆದರೆ ಅದನ್ನು ಗುರುತಿನ ಪ್ರಶ್ನೆಗೆ ಎದುರು ನಿಲ್ಲಿಸುವುದು ತಪ್ಪು. ಬೆದರಿದ ಸಾಕ್ಷಿಯ ಮೊದಲ ಮಾತು ದಾಖಲಾಗಿದ್ದರೆ ಅವಳು ಮುಂದೆ ಯಾಕೆ ಬದಲಾದಳು ಎಂದು ಕೇಳಲು ಆಧಾರವಿರುತ್ತದೆ. ತಡವರಿಸಿದ ಸಾಕ್ಷಿಯ ಮೊದಲ ಮಾತು ದಾಖಲಾಗಿದ್ದರೆ ನಿರಪರಾಧಿಗೆ ರಕ್ಷಣೆ. ಒಂದೇ ಕ್ಯಾಮೆರಾ ಎರಡೂ ಕಡೆ ಕೆಲಸ ಮಾಡುತ್ತದೆ.

ಇದಕ್ಕೆ ಸಂಸತ್ತಿನ ದಾರಿ ಕಾಯಬೇಕಿಲ್ಲ. ರೀತಿಯನ್ನು ನಿರ್ಧರಿಸುವ ಅಧಿಕಾರ 54ನೇ ಕಲಮಿನಲ್ಲೇ ಇದೆ. ಪರೇಡಿಗೆ ಅನುಮತಿ ಕೊಡುವ ವಿಜಯಪುರದ ನ್ಯಾಯಾಧೀಶರು ವಿಡಿಯೊ ಮಾಡಿ, ಆರೋಪಿ ಯಾರೆಂದು ತಿಳಿಯದ ಅಧಿಕಾರಿಯಿಂದ ನಡೆಸಿ, ಸಾಕ್ಷಿಯ ಬಾಯಿಂದ ಬಂದ ಮಾತನ್ನೇ ಬರೆದುಕೊಳ್ಳಿ ಎಂದು ನಾಳೆಯೇ ಆದೇಶಿಸಬಹುದು.