ಲಕ್ಕಲಕಟ್ಟಿ: ಪೂರ್ವಪದದ ವಿಚಾರ
ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯ ಹೆಸರಿನಲ್ಲಿ ಉತ್ತರಪದ ತೊಡಕಿನದಲ್ಲ. ಈ ಭಾಗದ ಆಡುನುಡಿಯಲ್ಲಿ ಮನೆ ‘ಮನಿ’ಯಾದಂತೆ ಕಟ್ಟೆ ‘ಕಟ್ಟಿ’ಯಾಗಿದೆ. ಚರ್ಚೆಗೆ ಎಡೆಗೊಡುವುದು ಪೂರ್ವಪದ. ‘ಲಕ್ಕ’ ಎಂದೊಡನೆ ಲಕ್ಷವನ್ನೋ ಲಕ್ಷ್ಮಿಯನ್ನೋ ನೆನೆಯುವುದು ಸ್ಥಳನಾಮ ವಿವೇಚನೆಯಲ್ಲಿ ರೂಢಿಯಾಗಿಬಿಟ್ಟಿದೆ. ಗಿಡ, ನೀರುಗಳ ಗುರುತಿನಿಂದ ಊರನ್ನು ಹೆಸರಿಸಿದ ಒಕ್ಕಲುನುಡಿ ಇದರಿಂದ ಮರೆಯಾಗುತ್ತದೆ. ಇದೇ ಗದಗ ಜಿಲ್ಲೆಯ ಲಕ್ಕುಂಡಿಯನ್ನು ನೋಡಬೇಕು. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಆ ಊರು ಶಾಸನಗಳಲ್ಲಿ ‘ಲೊಕ್ಕಿಗುಂಡಿ’. ಮೊದಲಕ್ಷರದ ಒಕಾರವನ್ನು ‘ಲಕ್ಷ’ದಿಂದ ಸಾಧಿಸಲಾಗದು, ‘ಲೊಕ್ಕಿ’ ಎಂಬುದು ಲಕ್ಕಿ ಗಿಡದ ಹಳೆಯ ಹೆಸರು, ತಮಿಳಿನ ‘ನೊಚ್ಚಿ’ಗೆ ಸೋದರಪದ. ಲಕ್ಕಿಗೆ ‘ಲಕ್ಕಲಿ’ ಎಂಬ ರೂಪವೂ ಉಂಟು. ‘ಲಕ್ಕ’ ವ್ಯಕ್ತಿನಾಮವೆನ್ನಬಹುದಾದರೂ ನಡುವೆ ಉಳಿಯುವ ‘ಲ’ಕಾರಕ್ಕೆ ಅದರಲ್ಲಿ ಸಮಾಧಾನವಿಲ್ಲ. ಆದುದರಿಂದ ಲಕ್ಕಲಿ ಬೆಳೆದ ಕಟ್ಟೆ ಎಂಬ ಅರ್ಥವೇ ಹೆಚ್ಚು ಸಹಜ. ಮುಂಡರಗಿ ಕಡೆಯ ಅತ್ತಿಕಟ್ಟಿಯ ರಚನೆಯೂ ಇಂಥದೇ. ನೀರಿನ ಆಸರೆಯಲ್ಲಿ ಲಕ್ಕಿ ಹೇಗೆ ಹಬ್ಬುತ್ತದೆಂಬುದನ್ನು ಹಳ್ಳದ ದಂಡೆ ಕಂಡವರಿಗೆ ಹೇಳಬೇಕಾಗಿಲ್ಲ.