ಅತ್ತಿಗೆಯ ಟ್ರಂಕು, ಸರಕಾರದ ಬ್ಯಾಂಕು

ನಮ್ಮ ಅತ್ತಿಗೆಯ ಮಂಚದ ಕೆಳಗೆ ಒಂದು ತಗಡಿನ ಟ್ರಂಕಿದೆ. ಅದರಲ್ಲಿರುವುದು ರೇಷ್ಮೆ ಸೀರೆಯಲ್ಲ, ಸರ್ಟಿಫಿಕೇಟುಗಳು. ಬಿ.ಎ. ಎರಡನೆಯ ವರ್ಷದ ಅಂಕಪಟ್ಟಿ, ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳದ್ದು, ಹಿಂದಿಯ ಪ್ರಥಮ, ಮಧ್ಯಮ, ಸಂಗೀತದ ಜೂನಿಯರ್, ಹೊಲಿಗೆ ತರಬೇತಿಯದ್ದು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ ಬರುತ್ತದೆ.

1987ರಲ್ಲಿ ಅವರು ನಮ್ಮ ಮನೆ ತುಂಬಿದಾಗ ಬಿ.ಎ. ಮುಗಿಯಲು ಒಂದೇ ವರ್ಷ ಉಳಿದಿತ್ತು. "ಮದುವೆಯಾದ ಮೇಲೆ ಓದಿಸಿದರಾಯಿತು" ಎಂದು ಎರಡೂ ಕಡೆಯವರು ಒಪ್ಪಿದ್ದರು. ಆ ಮೇಲೆ ಏನಾಯಿತೆಂದು ನಿಮಗೆ ನಾನು ಹೇಳಬೇಕೆ? ಎರಡು ಬಾಣಂತನ, ಅತ್ತೆಯ ಪಾರ್ಶ್ವವಾಯು, ಮಕ್ಕಳ ಎಸ್ಸೆಸ್ಸೆಲ್ಸಿ. ಈ ನಡುವೆಯೇ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಓದಿ, ಒಂದೊಂದಾಗಿ ಆ ಪರೀಕ್ಷೆಗಳನ್ನು ಕಟ್ಟಿ ಪಾಸಾದರು.

ಕಳೆದ ವರ್ಷ ಮೊಮ್ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆಕೆಯ ಬಾಯಲ್ಲಿ ಹೊತ್ತು ಹೊತ್ತಿಗೂ "ಕ್ರೆಡಿಟ್" ಎಂಬ ಮಾತು. ಬೇರೆ ಕಡೆ ಕಲಿತದ್ದನ್ನೂ ಡಿಗ್ರಿಗೆ ಸೇರಿಸಿಕೊಳ್ಳುತ್ತಾರಂತೆ. ಅತ್ತಿಗೆ ಅಂದೇ ರಾತ್ರಿ ಟ್ರಂಕು ಎಳೆದು, "ನೀನು ಟೀಚರಲ್ಲವೇನೆ, ಸ್ವಲ್ಪ ನೋಡು. ಇವನ್ನೆಲ್ಲ ಕೂಡಿಸಿದರೆ ಒಂದು ಬಿ.ಎ. ಆಗಲಿಕ್ಕಿಲ್ಲವೇ?" ಎಂದರು.

ನಗು ಬಂತು. ಆದರೆ ನಗುವ ಮಾತೇ ಅದು ಎಂದು ಆ ಮೇಲೆ ಅನಿಸಿತು. ಮಗಳಿಂದ ನಿಯಮಾವಳಿಯ ಪ್ರತಿ ತೆಗೆಸಿಕೊಂಡು, ತರಗತಿಯಲ್ಲಿ ಒಂದು ಪಾಠ ಓದುವಂತೆ ಕೂತು ಓದಿದೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2021ರ ಜುಲೈನಲ್ಲಿ ಹೊರಡಿಸಿದ್ದು ಅದು. ಹೆಸರು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಕನ್ನಡ ಪಾಠ ಮಾಡುವವಳಿಗೆ ಮೊದಲು ಕಣ್ಣಿಗೆ ಬೀಳುವುದು ರೂಪಕ. ಕಲಿಕೆಯನ್ನು ದುಡ್ಡಿನಂತೆ ಖಾತೆಯಲ್ಲಿ ಇಡುವುದು, ಬೇಕಾದಾಗ ತೆಗೆದು ಡಿಗ್ರಿಯಾಗಿ ಪಡೆಯುವುದು. ರೂಪಕ ಚೆನ್ನಾಗಿಯೇ ಇದೆ. ನಡುವೆ ಬಿಟ್ಟವರು ಮತ್ತೆ ಬರಬಹುದು, ಬಿಟ್ಟಷ್ಟೂ ವ್ಯರ್ಥವಲ್ಲ ಎಂದು ಸರಕಾರ ಬಾಯಿ ಬಿಟ್ಟು ಹೇಳಿರುವುದು ಸಣ್ಣ ಮಾತಲ್ಲ. ಮದುವೆಗೆಂದು ಓದು ಬಿಟ್ಟ ಹುಡುಗಿಯರು ಎಷ್ಟಿಲ್ಲ ನಮ್ಮಲ್ಲಿ! 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರಿಂದ ಮನೆಯಲ್ಲಿ ಕೂತು ಓದುವ ದಾರಿಯೇನೋ ತೆರೆಯಿತು. ಬೇರೆ ಬೇರೆ ಕಡೆ ಕಲಿತದ್ದನ್ನು ಒಂದೇ ಗಂಟಿಗೆ ಕಟ್ಟಿಕೊಳ್ಳುವ ದಾರಿ ಇದು.

ಆದರೆ ಬ್ಯಾಂಕಿನ ಬಾಗಿಲಲ್ಲೇ ಅತ್ತಿಗೆಯ ಟ್ರಂಕು ಮೂರು ಕಡೆ ತಡೆಯಿತು.

ಒಂದು, 2021–22 ಹಾಗೂ ಅದರ ನಂತರ ಓದಿದ ಕೋರ್ಸುಗಳ ಕ್ರೆಡಿಟ್ ಮಾತ್ರ ಸಲ್ಲುತ್ತದೆ. ಅದಕ್ಕೆ ಮುಂಚಿನದು ಹಳೆಯ ನಾಣ್ಯ.

ಎರಡು, ಕಾಗದಪತ್ರವನ್ನು ವಿದ್ಯಾರ್ಥಿಯ ಕೈಯಿಂದ ಬ್ಯಾಂಕು ತೆಗೆದುಕೊಳ್ಳುವುದಿಲ್ಲ. ನೋಂದಾಯಿತ ಸಂಸ್ಥೆಯೇ ಕಳಿಸಬೇಕು. ಖೋಟಾ ಸರ್ಟಿಫಿಕೇಟಿನ ಕಾಲದಲ್ಲಿ ಇದು ನ್ಯಾಯವೇ. ಆದರೆ ಕಾವ, ಜಾಣ, ರತ್ನ ಓದಿದವಳ ಪರವಾಗಿ ಯಾವ ಕಾಲೇಜು ಬರೆಯುತ್ತದೆ?

ಮೂರನೆಯದೇ ನನ್ನನ್ನು ಬಹಳ ಕಾಡಿದ್ದು. ಇಟ್ಟ ಕ್ರೆಡಿಟ್ಟಿನ ಆಯುಸ್ಸು ಹೆಚ್ಚೆಂದರೆ ಏಳು ವರ್ಷ. ಇಪ್ಪತ್ತಕ್ಕೆ ಓದು ಬಿಟ್ಟ ಹುಡುಗಿಯ ಲೆಕ್ಕ ಹಾಕಿ ನೋಡಿ. ಇಪ್ಪತ್ತೆರಡಕ್ಕೆ ಮೊದಲ ಮಗು, ಇಪ್ಪತ್ತೈದಕ್ಕೆ ಎರಡನೆಯದು. ಆ ಚಿಕ್ಕದು ಒಂದನೆಯ ತರಗತಿಗೆ ಸೇರಿ ತಾಯಿಗೆ ಹಗಲು ನಾಲ್ಕು ಗಂಟೆ ಬಿಡುವು ಸಿಗುವಾಗ ಆಕೆಗೆ ಮೂವತ್ತೊಂದು. ಖಾತೆ ಖಾಲಿಯಾಗಿ ನಾಲ್ಕು ವರ್ಷವಾಗಿರುತ್ತದೆ. ಕೆಲಸಕ್ಕೆಂದು ಓದು ಬಿಟ್ಟ ಹುಡುಗನಿಗೆ ಏಳು ವರ್ಷ ಸಾಕಾದೀತು. ಮನೆಗೆಂದು ಬಿಟ್ಟವಳಿಗೆ ಸಾಲದು. ನಿಯಮ ಬರೆದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಬರೆಯುವಾಗ ಅವರ ಮನಸ್ಸಿನಲ್ಲಿದ್ದ ವಿದ್ಯಾರ್ಥಿಗೆ ಬಾಣಂತನ ಇರಲಿಲ್ಲ, ಅಷ್ಟೆ.

ಶಾಸ್ತ್ರೀಯ ಸಂಗೀತದ ಜೂನಿಯರ್ ಪರೀಕ್ಷೆಯೂ ಕಾಲೇಜಿನ ಪತ್ರಿಕೆಯೂ ಒಂದೇ ತೂಕದವೆಂದು ವಾದಿಸಲು ನಾನು ಹೊರಟಿಲ್ಲ. ಡಿಗ್ರಿಗೆ ಒಂದು ಮಟ್ಟ ಬೇಕು. ಮೂವತ್ತು ವರ್ಷದ ಹಿಂದೆ ಕಲಿತದ್ದು ಮರೆತೂ ಹೋಗಿರಬಹುದು. ಹಾಗಿದ್ದರೆ ಪರೀಕ್ಷಿಸಿ ನೋಡಲಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಮೂವತ್ತು ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಎಂದಿದೆ. ಮುಂಚೆ ಕಲಿತದ್ದನ್ನೂ ಅನುಭವದಿಂದ ಕಲಿತದ್ದನ್ನೂ ಅಳೆದು ಮನ್ನಣೆ ಕೊಡಬಹುದೆಂಬ ಮಾತೂ ಇದೆ. ಮಾತು ಕಾಗದದ ಮೇಲಿದೆ. ಅತ್ತಿಗೆಯನ್ನು ಕರೆದುಕೊಂಡು ನಾನು ಹೋದ ಕಾಲೇಜಿನಲ್ಲಿ ಗುಮಾಸ್ತರು ಟ್ರಂಕಿನ ಕಾಗದಗಳನ್ನು ಒಂದೊಂದಾಗಿ ಮಗುಚಿ, "ಇವೆಲ್ಲ ಹವ್ಯಾಸಕ್ಕೆ ಮಾಡಿದ್ದಲ್ಲವೇ ಅಮ್ಮಾ" ಎಂದು ಮರ್ಯಾದೆಯಿಂದಲೇ ವಾಪಸು ಕೊಟ್ಟರು.

ಹವ್ಯಾಸ! ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತನೆಯ ತರಗತಿಗೆ ಛಂದಸ್ಸು ಕಲಿಸಬೇಕಾಗಿತ್ತು. ವಾರ್ಧಕ ಷಟ್ಪದಿಗೆ ಪ್ರಸ್ತಾರ ಹಾಕುವಲ್ಲಿ ನನಗೇ ಗೊಂದಲ. ಒಲೆಯ ಮೇಲೆ ಹಾಲಿಟ್ಟು, ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾತ್ರೆ ಎಣಿಸಿ, ಭಾಮಿನಿಗೂ ವಾರ್ಧಕಕ್ಕೂ ವ್ಯತ್ಯಾಸ ತೋರಿಸಿಕೊಟ್ಟದ್ದು ಅತ್ತಿಗೆ. ಮರುದಿನ ಅದನ್ನೇ ನಾನು ಬೋರ್ಡಿನ ಮೇಲೆ ಬರೆದೆ. ಸಂಬಳ ನನಗೆ ಬಂತು, ಇನ್‌ಕ್ರಿಮೆಂಟೂ ಬಂತು. "ಕಲಿತ ವಿದ್ಯೆಯನ್ನು ಯಾರೂ ಕದಿಯಲಾರರು" ಎಂದು ಅತ್ತಿಗೆಗೆ ಎಷ್ಟೋ ಸಲ ಉಪದೇಶ ಮಾಡಿದವಳೂ ನಾನೇ. ಕದಿಯಲಾರರು ನಿಜ. ಲೆಕ್ಕಕ್ಕೆ ಹಿಡಿಯದೆ ಇರಬಲ್ಲರು ಎಂಬುದನ್ನು ನಾನು ಹೇಳಿರಲಿಲ್ಲ.

ಈ ವರ್ಷ ಅತ್ತಿಗೆ ಮೊದಲ ವರ್ಷದ ಬಿ.ಎ.ಗೆ ಹೊಸದಾಗಿ ಹೆಸರು ಹಚ್ಚಿದ್ದಾರೆ. ವಯಸ್ಸು ಐವತ್ತೆಂಟು. ಕನ್ನಡದ ಪಠ್ಯ ಬಂದ ದಿನ ಕನ್ನಡಕ ಏರಿಸಿ ಪುಟ ತಿರುವಿ, "ಇದನ್ನು ನಾನು ಆಗಲೇ ಒಂದು ಸಲ ಓದಿ ಪಾಸು ಮಾಡಿದ್ದೆನಲ್ಲೇ" ಎಂದರು. ಕೋಪವೇನೂ ಇರಲಿಲ್ಲ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುತ್ತಾ ಕೂತರು.

ನನಗೆ ಮಾತ್ರ ಕೋಪವಿದೆ. ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಮಾತು. ನಿಮ್ಮ ಮನೆಯ ಹುಡುಗಿ ಓದು ನಿಲ್ಲಿಸುವ ಹೊತ್ತು ಬಂದರೆ, ಅವಳ ಖಾತೆಯಲ್ಲಿ ಕ್ರೆಡಿಟ್ ಬರೆದಿದೆಯೇ ನೋಡಿ, ಏಳು ವರ್ಷ ಎಂದು ಗೋಡೆಯ ಮೇಲೆ ಬರೆದಿಡಿ. ಕಾಲೇಜಿನವರಲ್ಲಿ ಕೇಳುವುದೂ ಇಷ್ಟೇ. ಟ್ರಂಕಿನ ಕಾಗದ ನಂಬಬೇಡಿ, ಬೇಡ. ಟ್ರಂಕಿನೊಡತಿಗೆ ಒಂದು ಪ್ರಶ್ನೆಪತ್ರಿಕೆ ಕೊಡಿ. ಅವಳು ಬರೆಯಲು ತಯಾರಿದ್ದಾಳೆ.