ಎಣಿಕೆಗೆ ದಕ್ಕಿದ ನಿಂದೆ: 2019ರ ಮಹಾಚುನಾವಣೆಯನ್ನು ಕುರಿತ ಒಂದು ವರದಿಯ ಪರಾಮರ್ಶೆ

ಚುನಾವಣಾ ಕಾಲದಲ್ಲಿ ಅಭ್ಯರ್ಥಿಗಳನ್ನು ಹಳಿಯುವುದು ನೂತನವಾದ ಪದ್ಧತಿಯೇನೂ ಅಲ್ಲ. ಕರಪತ್ರ, ಭಿತ್ತಿಪತ್ರ, ಬೀದಿಯ ಭಾಷಣ ಇವೆಲ್ಲವೂ ಈ ಕಾರ್ಯಕ್ಕೆ ಒದಗಿಬಂದಿವೆ. ಸಾಮಾಜಿಕ ಜಾಲತಾಣಗಳಲ್ಲಿ ನೂತನವಾದುದು ನಿಂದೆಯ ಪ್ರಮಾಣ ಹಾಗೂ ಅದರ ಕರ್ತೃವಿನ ಅಜ್ಞಾತತೆ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾ ಸಂಸ್ಥೆಯು 2020ರ ಜನವರಿಯಲ್ಲಿ ಪ್ರಕಟಿಸಿದ ‘ಟ್ರೋಲ್ ಪಟ್ರೋಲ್ ಇಂಡಿಯಾ’ ಎಂಬ ವರದಿಯನ್ನು ಇತಿಹಾಸದ ಆಕರವೆಂದು ಭಾವಿಸಿ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

2019ರ ಮಾರ್ಚ್ ತಿಂಗಳಿನಿಂದ ಮೇ ತಿಂಗಳವರೆಗೆ 95 ಮಂದಿ ಮಹಿಳಾ ರಾಜಕಾರಣಿಗಳನ್ನು ಉಲ್ಲೇಖಿಸಿದ 1,14,716 ಟ್ವೀಟುಗಳನ್ನು ಸ್ವಯಂಸೇವಕರು ಓದಿ ವಿಂಗಡಿಸಿದರು. ಅವುಗಳಲ್ಲಿ ಶೇಕಡ 13.8ರಷ್ಟು, ಅಂದರೆ ಸುಮಾರು ಏಳರಲ್ಲೊಂದು, ನಿಂದಾತ್ಮಕ ಅಥವಾ ಆಕ್ಷೇಪಾರ್ಹವೆಂದು ಕಂಡುಬಂದಿತು. ಇತರ ಧರ್ಮಗಳ ಮಹಿಳೆಯರಿಗಿಂತ ಮುಸ್ಲಿಂ ಮಹಿಳೆಯರು ಧರ್ಮ ಅಥವಾ ಜನಾಂಗವನ್ನು ಹಿಡಿದು ಮಾಡಿದ ನಿಂದೆಯನ್ನು ಶೇಕಡ 94.1ರಷ್ಟು ಹೆಚ್ಚಾಗಿ ಎದುರಿಸಿದರು. ‘ಎಲ್ಲರೂ ಎಲ್ಲರನ್ನೂ ಬೈಯುತ್ತಾರೆ’ ಎಂಬ ಉದಾಸೀನದ ಮಾತಿಗೆ ಇದೇ ತಕ್ಕ ಉತ್ತರ. ನಿಂದೆಯ ಹೊರೆ ಎಲ್ಲರ ಹೆಗಲ ಮೇಲೂ ಸಮನಾಗಿ ಬೀಳುವುದಿಲ್ಲ.

ಆದರೂ ವರದಿಯಲ್ಲಿ ನ್ಯೂನತೆಗಳಿಲ್ಲವೆನ್ನಲಾಗದು. ಮೊದಲನೆಯದಾಗಿ, ಸ್ಪಷ್ಟವಾದ ನಿಂದೆಯನ್ನೂ ಕೇವಲ ಆಕ್ಷೇಪಾರ್ಹವಾದ ಮಾತನ್ನೂ ಅದರ ಮುಖ್ಯ ಸಂಖ್ಯೆ ಒಂದುಗೂಡಿಸುತ್ತದೆ. ಅಭ್ಯರ್ಥಿಯನ್ನು ಕಟುವಾಗಿ ಟೀಕಿಸುವುದು ಮತದಾರನ ಹಕ್ಕು. ಆದುದರಿಂದ ಈ ಎರಡರ ನಡುವಣ ಗೆರೆಯನ್ನು ಮಸುಕಾಗಿಸುವುದು ಕ್ಷೇಮಕರವಲ್ಲ. ಎರಡನೆಯದಾಗಿ, ಪುರುಷರನ್ನು ಗಣನೆಗೆ ತೆಗೆದುಕೊಳ್ಳದಿರುವುದರಿಂದ, ರಾಜಕಾರಣಿಯಾದುದಕ್ಕೆ ಬಂದ ಬೈಗುಳವೆಷ್ಟು, ಹೆಣ್ಣಾದುದಕ್ಕೆ ಬಂದುದೆಷ್ಟು ಎಂಬುದು ನಿಷ್ಕರ್ಷೆಯಾಗುವುದಿಲ್ಲ. ಮೂರನೆಯದಾಗಿ, ನಿಂದೆ ಎಷ್ಟೆಂಬುದನ್ನು ಅರಿತ ವಾಚಕನಿಗೆ ಅದನ್ನು ಸಂಘಟಿಸಿದವರು ಯಾರೆಂಬುದು ತಿಳಿಯುವುದಿಲ್ಲ.

ನಮ್ಮ ಶಾಸನವಾದರೋ ಇದಕ್ಕೆ ತದ್ವಿರುದ್ಧವಾಗಿ, ಕರ್ತೃವನ್ನೇ ಮೊದಲು ಕೇಳುತ್ತದೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 123ನೆಯ ಪ್ರಕರಣದ ನಾಲ್ಕನೆಯ ಉಪಪ್ರಕರಣವು ಅಭ್ಯರ್ಥಿಯ ಶೀಲವನ್ನು ಕುರಿತ ಸುಳ್ಳು ಹೇಳಿಕೆಯನ್ನು ಭ್ರಷ್ಟಾಚರಣೆಯೆಂದು ಪರಿಗಣಿಸುತ್ತದೆ. ಆದರೆ ಅದು ಪ್ರತಿಸ್ಪರ್ಧಿಯಿಂದಾಗಲಿ ಅವನ ಏಜೆಂಟನಿಂದಾಗಲಿ ಅವರ ಸಮ್ಮತಿಯಿಂದಾಗಲಿ ಪ್ರಕಟವಾಗಿರಬೇಕು. 1961ರಲ್ಲಿ ಸೇರಿಸಲಾದ 127ಎ ಪ್ರಕರಣವು ಚುನಾವಣಾ ಕರಪತ್ರದ ಮೇಲೆ ಮುದ್ರಕ ಹಾಗೂ ಪ್ರಕಾಶಕರ ಹೆಸರು, ವಿಳಾಸಗಳಿರಬೇಕೆಂದು ವಿಧಿಸುತ್ತದೆ. ಪ್ರತಿಯೊಂದು ಮಾತಿಗೂ ಒಬ್ಬ ಹೊಣೆಗಾರನಿದ್ದಾನೆಂಬ ನಂಬಿಕೆಯ ಮೇಲೆ ನಿಂತ ನಿಯಮಗಳಿವು. ಸಾವಿರ ಅನಾಮಧೇಯರು ತಲಾ ಒಂದು ಮಾತನಾಡಿದಾಗ ಆ ನಂಬಿಕೆಯೇ ಕುಸಿಯುತ್ತದೆ. ಅಲ್ಲದೆ, ಬರಿಯ ಬೈಗುಳ ಸಂಗತಿಯ ನಿರೂಪಣೆಯೇ ಅಲ್ಲವಾದುದರಿಂದ ಶಾಸನದ ಕೈಗೆ ಅದು ಸಿಗುವುದೂ ಕಷ್ಟ. ಶಾಸನವು ತಲುಪಲಾರದ ಈ ಒಟ್ಟು ಹಾನಿಯನ್ನು ಎಣಿಕೆಯೊಂದೇ ತೋರಬಲ್ಲುದು. ನ್ಯೂನತೆಗಳಿದ್ದರೂ ವರದಿಯು ಅಮೂಲ್ಯವಾಗಿರುವುದು ಈ ಕಾರಣದಿಂದ.

ವಿಷಾದದ ಸಂಗತಿಯೆಂದರೆ, ಅಂಥ ಎಣಿಕೆಯನ್ನು ಪುನಃ ಕೈಗೊಳ್ಳುವುದು ಈಗ ದುಸ್ತರ. ವರದಿಯನ್ನು ಸಿದ್ಧಪಡಿಸಿದ ಸಂಸ್ಥೆಯು ತನ್ನ ಬ್ಯಾಂಕ್ ಖಾತೆಗಳು ಸ್ತಂಭಿತವಾದ ಮೇಲೆ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿನ ಕಾರ್ಯಗಳನ್ನು ನಿಲ್ಲಿಸಿತು. ಸಂಶೋಧಕರು ಟ್ವಿಟರಿನ ದತ್ತಾಂಶವನ್ನು ಉಚಿತವಾಗಿ ಪಡೆಯಬಹುದಾಗಿದ್ದ ಮಾರ್ಗವು 2023ರಲ್ಲಿ ಮುಚ್ಚಿತು. ಹಳೆಯ ಕರಪತ್ರವು ಯಾರದಾದರೂ ಪೆಟ್ಟಿಗೆಯ ತಳದಲ್ಲಿ ಉಳಿದಿರುತ್ತದೆ. ಅಳಿಸಿದ ಟ್ವೀಟು ಹಾಗೆ ಉಳಿಯುವುದಿಲ್ಲ. ಆದುದರಿಂದ ಮುಂದಿನ ಚುನಾವಣೆಗಳಲ್ಲಿ ಇಂಥ ಬರಹಗಳನ್ನು, ಸಾಮಾನ್ಯರ ಹೆಸರುಗಳನ್ನು ಮರೆಮಾಡಿ, ಆಗಿಂದಾಗಲೇ ಸಂಗ್ರಹಿಸಿಡುವುದು ಇತಿಹಾಸ ವಿಭಾಗಗಳ ಕರ್ತವ್ಯವಾಗುತ್ತದೆ. ನಿಂದೆಗೆ ಗುರಿಯಾಗಿ ಕಣದಿಂದ ಹಿಂದೆ ಸರಿದವರ ಕಥೆಯನ್ನು ನಾಳೆ ಬರೆಯಬೇಕಾದವನಿಗೆ ಬೇರೆ ಸಾಕ್ಷ್ಯ ದೊರೆಯಲಾರದು.